ಕ್ಷಮೆ ಕೇಳದವಳು, ಹೆಡರ್ ಮರೆತವನು

“ನಾನು ಕ್ಷಮೆ ಕೇಳಲ್ಲ ಸರ್! ನನ್ನ ತಪ್ಪಿಲ್ಲ!”

ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಜಾವಾ ಸರ್ವರ್ ನೋಡಿಕೊಳ್ಳುವ ಈ ಹುಡುಗಿಗೆ ಆಫೀಸಿನವರು ‘ಮೆಣಸಿನಕಾಯಿ’ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಬೆಳಿಗ್ಗೆಯಿಂದ ಒಬ್ಬ ಗಿರಾಕಿಗೂ ಲಾಗಿನ್ ಆಗುತ್ತಿರಲಿಲ್ಲ. “ನಿನ್ನ ಪ್ರೋಗ್ರಾಂ ತಾನೇ ಎಲ್ಲರನ್ನೂ ಹೊರಗೆ ತಳ್ಳಿರೋದು? ಸಂಜೆ ಎಲ್ಲರ ಮುಂದೆ ಕ್ಷಮೆ ಕೇಳು, ಇಲ್ಲಾ ಕೆಲಸ ಬಿಡು,” ಎಂದರು ಮ್ಯಾನೇಜರ್.

ಎದುರಿಗೆ ಅವನು! ಪಕ್ಕದ ಕಟ್ಟಡದಲ್ಲಿ ಕೂತು, ಗಿರಾಕಿಗಳು ಮೊದಲು ಬಂದು ಮುಟ್ಟುವ ಮುಂಬಾಗಿಲ ವೆಬ್ ಸರ್ವರ್ ಕಾಯುವ ‘ಬಾಗಿಲಯ್ಯ’. ವರ್ಷವಿಡೀ ಫೋನಿನಲ್ಲೇ ನಗಿಸಿದ್ದ ದನಿಯ ಮುಖವನ್ನು ಅವಳು ನೋಡುತ್ತಿದ್ದುದು ಇವತ್ತೇ ಮೊದಲು. ಆ ಮುಖ ತುಟಿ ಪಿಟಿಕ್ಕೆನ್ನಲಿಲ್ಲ.

ಛೆ! ಇವನಿಗಾ ನಾನು ಮನಸ್ಸು ಕೊಟ್ಟಿದ್ದು?

ಮಧ್ಯಾಹ್ನ ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಕುಕ್ಕಿದಳು.

“ಗಿರಾಕಿ ಎಲ್ಲಿಂದ ಬಂದ ಅನ್ನೋ ವಿಳಾಸ ಹೆಡರ್ ಚೀಟಿಯಲ್ಲಿ ಹಾಕಿ ನನ್ನ ಸರ್ವರ್‌ಗೆ ದಾಟಿಸೋದು ನಿಮ್ಮ ಕೆಲಸ. ಹೆಡರೇ ಇಲ್ಲ! ಎಲ್ಲರೂ ನಿಮ್ಮ ಸರ್ವರ್ ವಿಳಾಸದಿಂದಲೇ ಬಂದ ಹಾಗೆ ಕಾಣ್ತಿದ್ದಾರೆ. ಯಾರೋ ಒಬ್ಬ ಕಳ್ಳ ಸಾವಿರ ಸಲ ಬಾಗಿಲು ಬಡೀತಿದ್ದಾನೆ ಅಂತ ನನ್ನ ಪ್ರೋಗ್ರಾಂ ಬೀಗ ಹಾಕಿದೆ. ಬೇಕಂತಲೇ ಕಿತ್ತುಹಾಕಿದ್ರಾ?”

ಅವನು ಸೆಟ್ಟಿಂಗ್ ತೆರೆದ. ಮುಖ ಬಿಳಿಚಿಕೊಂಡಿತು.

“ಹೊರಗಿನೋರು ಸುಳ್ಳು ಹೆಡರ್ ಕಳಿಸ್ತಾರೆ ಅಂತ ನಿನ್ನೆ ಎಲ್ಲಾ ಅಳಿಸೋ ಸಾಲು ಬರೆದೆ... ನಿಜವಾದ್ದನ್ನ ಮತ್ತೆ ಸೇರಿಸೋದು... ಅಯ್ಯೋ, ಮರೆತೇಬಿಟ್ಟೆ!”

ಅವಳ ಕಣ್ಣು ತುಂಬಿತು. “ಮೀಟಿಂಗ್‌ನಲ್ಲಿ ಯಾಕೆ ಬಾಯಿ ಹೊಲ್ಕೊಂಡು ಕೂತಿದ್ರಿ?”

“ನನ್ನ ಮೇಲೇ ಅನುಮಾನ ಇತ್ತು. ಆದ್ರೆ ನಿಮ್ಮನ್ನ ಮೊದಲ ಸಲ ನೋಡ್ತಿದ್ದೆ... ನಿಮ್ಮೆದುರು ದಡ್ಡ ಆಗೋಕೆ ಹೆದರಿದೆ.”

ಸಾಲು ಸೇರಿಸಿದ. ಬೀಗ ತೆರೆಯಿತು. ಇಬ್ಬರೂ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನು ಹೇಳಿದರು.

“ಸರಿಹೋಯ್ತಲ್ಲ, ಬಿಡು. ಮೇಲಿನವರಿಗೆ ಅವಳ ಹೆಸರು ಹೇಳಿಯಾಗಿದೆ. ಅವಳೇ ಕ್ಷಮೆ ಕೇಳಲಿ,” ಎಂದರು ಅವರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಸರ್? ತಪ್ಪು ನಂದು!” ಎಂದವನೇ ಹೊರಗೆ ಹೋಗಿ, ಆಫೀಸಿಗೆಲ್ಲ ಕೇಳುವ ಹಾಗೆ ತಪ್ಪು ತನ್ನದೆಂದು ಕೂಗಿ ಹೇಳಿದ.

ಮೆಟ್ಟಿಲ ಬಳಿ ಅವಳು ಅಡ್ಡಗಟ್ಟಿದಳು.

“ನಾನು ಎಮ್ಮೇನಾ?”

“ಗಾದೆ ರೀ ಅದು!”

“ಕೆಲಸ ಹೋದ್ರೆ?”

“ಹೋಗಲಿ. ದಡ್ಡ ಅಂತೂ ಆಗ್ಯಾಯ್ತು, ಇದನ್ನೂ ಹೇಳಿಬಿಡ್ತೀನಿ. ನೀವಂದ್ರೆ... ನಂಗೆ ಪ್ರಾಣ.”

ಅವಳ ಎದೆ ಡವಗುಟ್ಟಿತು. ಆದರೂ ಗಲ್ಲ ಮೇಲೆತ್ತಿದಳು.

“ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ.”

“ಗೊತ್ತು.”

“ಕ್ಷಮಿಸೋದೂ ಇಲ್ಲ! ಕ್ಷಮಿಸದೇನೇ ಪ್ರೀತಿಸ್ತೀನಿ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!”

ಅವನೂ ಸೋಲಲಿಲ್ಲ. ಅವಳ ಕೈ ಹಿಡಿದುಕೊಂಡ.

“ಮದುವೆ ಮಾಡ್ಕೋತೀನಿ.”