ಎಂಟು ಗಂಟೆಯ ಚೀಟಿ

೨೦೦೮ರ ಜುಲೈ ೧೧, ಶುಕ್ರವಾರ. ಮಧ್ಯಾಹ್ನ ೧.೨೦ಕ್ಕೆ ದೋಹಾದ ಠಾಣೆಗೆ ಕಸಾಯಿಖಾನೆಯ ಪಶುವೈದ್ಯರ ದೂರು ಬಂತು. ಲಾರಿಯಲ್ಲಿ ಬಂದ ನೂರಿಪ್ಪತ್ತು ಕುರಿಗಳಲ್ಲಿ ಅರವತ್ತಮೂರು ಬಿಸಿಲಿನ ಝಳಕ್ಕೆ ಸತ್ತಿದ್ದವು. ಎಫ್‌ಐಆರ್‌ನಲ್ಲಿ ಇದ್ದದ್ದು ಒಂದೇ ಹೆಸರು: ಚಾಲಕ ಫೈಝಲ್, ಉಳ್ಳಾಲ.

ಅವನ ಮಾತನ್ನು ಇನ್‌ಸ್ಪೆಕ್ಟರ್ ಜಾಬಿರ್ ಅವರಿಗೆ ಅರಬ್ಬಿಯಲ್ಲಿ ತಿಳಿಸಲು ಠಾಣೆಯ ದುಭಾಷಿ ಲ್ಯಾನ್ಸ್‌ಲಾಟ್‌ರನ್ನು ಕರೆಸಿದರು. ಉಡುಪಿ ಕಡೆಯ ಹಿರಿಯರು. ವಾರದ ರಜೆಯಾದ್ದರಿಂದ ಚರ್ಚಿನ ಬೆಳಗಿನ ಪೂಜೆಗೆ ಹೋಗಿ ಬಂದವರು ಊಟ ಬಿಟ್ಟು ಎದ್ದು ಬಂದಿದ್ದರು.

ಕುರಿದೊಡ್ಡಿಯ ಚೀಟಿ ಮೇಜಿನ ಮೇಲಿತ್ತು. ಲಾರಿ ಬಿಟ್ಟದ್ದು ಬೆಳಿಗ್ಗೆ ೮.೦೦ಕ್ಕೆ. ಗುಮಾಸ್ತ ಮಾರಿಸ್‌ನ ಸಹಿ, ಕೆಳಗೆ ಫೈಝಲ್‌ನ ಸಹಿ. ದಾರಿ ನಲವತ್ತು ನಿಮಿಷದ್ದು. ಲಾರಿ ಕಸಾಯಿಖಾನೆ ಮುಟ್ಟಿದ್ದು ಹನ್ನೆರಡೂವರೆಗೆ.

"ಹನ್ನೆರಡೂವರೆಯವರೆಗೆ ಎಲ್ಲಿದ್ದೆ?"

"ದೊಡ್ಡಿಯಲ್ಲೇ ಸಾರ್. ಕುರಿ ಹತ್ತಿಸಿ ಆಗಿತ್ತು. ಗೇಟಿಗೂ ಬೀಗ, ನೀರಿನ ಟ್ಯಾಂಕಿಗೂ ಬೀಗ. ಕೀ ಮಾರಿಸಣ್ಣನ ಹತ್ರ. ಅವರು ಬಂದದ್ದೇ ಹನ್ನೊಂದು ಮುಕ್ಕಾಲಿಗೆ."

"ಸಹಿ?"

"ಕುರಿಗಳು ಬೀಳ್ತಾ ಇದ್ದವು ಸಾರ್. ಚೀಟಿ ಯಾರು ನೋಡ್ತಾರೆ?"

ಮಾರಿಸ್‌ನನ್ನು ಕರೆತಂದರು. ಬೆಳಗಿನಿಂದ ದೊಡ್ಡಿ ಬಿಟ್ಟು ಕದಲಿಲ್ಲ ಎಂದು ಅವನು ಕೊಂಕಣಿಯಲ್ಲಿ ಹೇಳಿದ. ಆ ಸುಳ್ಳು ಲ್ಯಾನ್ಸ್‌ಲಾಟ್‌ರ ಬಾಯಿಂದಲೇ ಅರಬ್ಬಿಯಾಗಿ ಹೊರಬಂತು.

೩.೧೦ಕ್ಕೆ ದೊಡ್ಡಿಯಲ್ಲಿ ಪಂಚನಾಮೆ. ಲಾರಿ ನಿಂತಿದ್ದ ಜಾಗದಲ್ಲಿ ಹಿಕ್ಕೆ ಒತ್ತಾಗಿ ಬಿದ್ದಿತ್ತು, ಮೂತ್ರ ಹರಿದು ಒಣಗಿತ್ತು. ಅರ್ಧ ಗಂಟೆ ನಿಂತ ಲಾರಿಯ ಗುರುತಲ್ಲ ಅದು. ನಿನ್ನೆಯ ಲಾರಿಯದು ಎಂದ ಮಾರಿಸ್. ಆಮೇಲೆ ತಲೆ ಬಗ್ಗಿಸಿ, ಲ್ಯಾನ್ಸ್‌ಲಾಟ್‌ರಿಗೆ ಮಾತ್ರ ಕೇಳುವಂತೆ, "ನನ್ನನ್ನು ನೋಡಿಲ್ಲ ಅಂತ ಇದ್ದುಬಿಡಿ ಅಂಕಲ್," ಎಂದ.

ಠಾಣೆಗೆ ಮರಳಿದಾಗ ಫೈಝಲ್ ನೆಲದ ಮೇಲೆ ಮೊಣಕಾಲು ತಬ್ಬಿ ಕುಳಿತಿದ್ದ. "ನನ್ನನ್ನು ಒಳಗೆ ಹಾಕ್ತಾರಾ?" ಎಂದು ಕೇಳಿದ.

ಲ್ಯಾನ್ಸ್‌ಲಾಟ್‌ರಿಗೆ ತಮ್ಮ ವೀಸಾ ನೆನಪಾಯಿತು. ಮುಂದಿನ ಶುಕ್ರವಾರ ಚರ್ಚಿನ ಅಂಗಳದಲ್ಲಿ ಮುಖ ತಿರುಗಿಸುವ ಜನ ನೆನಪಾದರು. ಒಳಗೊಳಗೇ ದೇವರ ಹೆಸರು ಹೇಳಿಕೊಂಡು ಅವರು ಇನ್‌ಸ್ಪೆಕ್ಟರರ ಎದುರು ನಿಂತರು.

"ಒಂಬತ್ತರ ಪೂಜೆಯಲ್ಲಿ ಮಾರಿಸ್ ನನ್ನ ಮುಂದಿನ ಬೆಂಚಿನಲ್ಲಿದ್ದ. ಬೀಗದ ಕೈ ಗೊಂಚಲು ಅವನ ಪಕ್ಕದಲ್ಲಿತ್ತು. ಪೂಜೆಯಲ್ಲಿ ಅವನ ತಾಯಿಯ ಹೆಸರು ಓದಿದರು."

"ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ಹೆದರಿಕೆ ಸಾರ್."

"ಇನ್ನು ಈ ಕೇಸಿಗೆ ನೀವು ದುಭಾಷಿಯಲ್ಲ, ಸಾಕ್ಷಿ. ನಿಮ್ಮ ಕೆಲಸದ ಮಾತು ನಾಳೆ."

ಅಬು ಹಮೂರ್ ಬಡಾವಣೆಯ ಚರ್ಚಿಗೆ ಕಾನ್‌ಸ್ಟೇಬಲ್ ಒಬ್ಬ ಹೋಗಿ, ತೀರಿಹೋದವರ ಹೆಸರಿನ ಪೂಜೆಗಳನ್ನು ಬರೆದಿಡುವ ಪುಸ್ತಕ ನೋಡಿ ಬಂದ. ಜುಲೈ ೧೧, ಬೆಳಿಗ್ಗೆ ಒಂಬತ್ತು: ಜರ್ಟ್ರೂಡ್, ಮೂವತ್ತನೆಯ ದಿನ. ಕೋರಿದವರು ಮಗ ಮಾರಿಸ್.

೫.೫೦ಕ್ಕೆ ಮಾರಿಸ್‌ನ ಬಂಧನವಾಯಿತು. ಫೈಝಲ್‌ನನ್ನು ಬಿಟ್ಟರು.

ತಾಯಿಯ ಮಣ್ಣಿಗೆ ಹೋಗಲು ಮಾರಿಸ್‌ಗೆ ರಜೆ ಸಿಕ್ಕಿರಲಿಲ್ಲ. ಪೂಜೆ ಮುಗಿದೊಡನೆ ಮರಳುತ್ತೇನೆಂದು ಎಂಟಕ್ಕೇ ಬೀಗ ಹಾಕಿ ಹೋದವನು, ತಾಯಿಯ ಹೆಸರು ಕಿವಿಗೆ ಬಿದ್ದ ಮೇಲೆ ಚರ್ಚಿನ ಹಿಂದಿನ ಗೋಡೆಗೆ ಒರಗಿ ಕುಳಿತುಬಿಟ್ಟ. ಆ ಮೂವತ್ತು ದಿನದಲ್ಲಿ ಅವನು ಅತ್ತದ್ದು ಅಂದೇ ಮೊದಲು. ಬೇರೊಬ್ಬ ದುಭಾಷಿ ಬರೆದುಕೊಂಡ ಅವನ ಹೇಳಿಕೆಯ ಕೊನೆಯ ಸಾಲು ಹೀಗಿದೆ: "ಅಲ್ಲಿ ನೆರಳಿತ್ತು. ಕುರಿಗಳು ಬಿಸಿಲಲ್ಲಿವೆ ಎಂಬುದು ನೆನಪಿಗೆ ಬರಲಿಲ್ಲ."