ಬಾರ್ಟ್ಲಿ ಅಜ್ಜನ ಮುಯ್ಯಿ

"ಐದು ಹೆಂಟೆ ನಿಲ್ಲಿಸ್ಬೇಕು, ಆರನೇದನ್ನ ಮೇಲೆ ಅಡ್ಡ ಮಲಗಿಸ್ಬೇಕು," ಎಂದಳು ಸೋರ್ಕಾ. "ನೀನು ಆರನ್ನೂ ನಿಲ್ಲಿಸಿದೀಯಲ್ಲೋ! ಅವೇನು ಬಸ್ಸಿಗೆ ಕ್ಯೂ ನಿಂತಿದಾವಾ?"

"ಕ್ಷಮಿಸು," ಎಂದ ಎನೆಕೊ. "ನಾನು ಸರಿಪಡಿಸುತ್ತೇನೆ."

ಎನೆಕೊ ಸ್ಪೇನಿನ ಹುಡುಗ. ಹನ್ನೆರಡು ವರ್ಷ. ಇಂಗ್ಲಿಷ್ ಕಲಿಯಲು ಬಂದು ಸೋರ್ಕಾಳ ಮನೆಯಲ್ಲಿ ಉಳಿದುಕೊಂಡಿದ್ದ. ಬೆಳಗ್ಗೆ ಊರಿನ ಹಾಲ್‌ನಲ್ಲಿ ಕ್ಲಾಸು. ಮಧ್ಯಾಹ್ನದ ಮೇಲೆ ಮನೆಯವರು ಏನು ಮಾಡುತ್ತಾರೋ ಅದನ್ನೇ ಮಾಡುವುದು. ಅವನು ಪುಸ್ತಕದಲ್ಲಿ ಇದ್ದ ಹಾಗೆಯೇ ಮಾತಾಡುತ್ತಿದ್ದ, ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ.

ಜುಲೈ ಮೊದಲ ವಾರ. ನಾಲ್ಕು ದಿನದಿಂದ ಮಳೆ ಇರಲಿಲ್ಲ. ಕ್ಯಾರಬಾನ್ ಊರಿನವರೆಲ್ಲ ಜೌಗಿನಲ್ಲೇ ಇದ್ದರು. ವಸಂತದಲ್ಲಿ ಯಂತ್ರ ಕೊಯ್ದು ಹಾಕಿದ ಟರ್ಫ್, ಅಂದರೆ ಒಣಗಿಸಿ ಒಲೆಗೆ ಉರಿಸುವ ಜೌಗುಮಣ್ಣಿನ ಹೆಂಟೆಗಳು, ನೆಲದ ಮೇಲೆ ಸಾಲು ಸಾಲಾಗಿ, ಕಪ್ಪಗೆ ಮಲಗಿದ್ದವು. ಅವನ್ನು ಒಂದಕ್ಕೊಂದು ಆನಿಸಿ ಗುಪ್ಪೆ ಮಾಡಿದರೆ ನಡುವೆ ಗಾಳಿ ಆಡಿ ಒಣಗುತ್ತವೆ. ಮಾಡದಿದ್ದರೆ ಮಳೆ ಕುಡಿದು ಮತ್ತೆ ಕೆಸರಾಗುತ್ತವೆ. ಕೆಸರನ್ನು ಒಲೆಗೆ ಹಾಕಿದರೆ ಚಳಿಗಾಲ ಏನೂ ಕಡಿಮೆಯಾಗುವುದಿಲ್ಲ.

ಮಂಗಳವಾರ ಸಂಜೆ ಐದಕ್ಕೆ ಅವರ ಕೊನೆಯ ಸಾಲು ಮುಗಿಯಿತು. ಅಪ್ಪ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತ.

"ನಮ್ದು ಆಯ್ತು. ಇನ್ನು ನೆರೆಮನೆ ಬಾರ್ಟ್ಲಿ ಅಜ್ಜಂದು. ಸೋರ್ಕಾ, ನೀನು ಹೋಗಿ ಕೇಳ್ಕೊಂಡು ಬಾ. ಶನಿವಾರ ಎಲ್ಲರೂ ಬರ್ತೀವಿ ಅನ್ನು."

"ಶನಿವಾರಾನಾ? ಅವತ್ತು ಬಸ್ಸಪ್ಪಾ!"

ಇಂಗ್ಲಿಷ್ ಕಲಿಯುವವರನ್ನೆಲ್ಲ ವರ್ಷಕ್ಕೊಂದು ಶನಿವಾರ ಬಸ್ಸಿನಲ್ಲಿ ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಅವರನ್ನು ಇಟ್ಟುಕೊಂಡ ಮನೆಯ ಒಂದು ಮಗುವಿಗೆ ಸೀಟು ಫ್ರೀ. ಮೊದಲು ಹಳೇ ಕಾಲದ ಸಾಮಾನು ಇಟ್ಟ ಮ್ಯೂಸಿಯಂ, ಆಮೇಲೆ ಸಮುದ್ರದ ದಂಡೆಯ ನೀರಿನ ಜಾರುಬಂಡೆ. ಮೂರು ಮಹಡಿ ಎತ್ತರದ್ದು.

"ಬಸ್ಸು ಮುಂದಿನ ವರ್ಷನೂ ಹೋಗುತ್ತೆ," ಎಂದ ಅಪ್ಪ.

"ಹೋದ ವರ್ಷನೂ ಹಿಂಗೇ ಅಂದ್ರಿ."

"ಹೋದ ವರ್ಷ ನಮ್ಮ ಟ್ರ್ಯಾಕ್ಟರ್ ಮುರಿದಾಗ ನಮ್ಮ ಟರ್ಫನ್ನೆಲ್ಲ ಮನೆಗೆ ತಂದುಹಾಕಿದ್ದು ಯಾರು? ಇಡೀ ದಿನ ಬಿಟ್ಟು ಬಂದಿದ್ದ ಆ ಮುದುಕ. ಆ ದಿನದ ಮುಯ್ಯಿ ಇನ್ನೂ ತೀರಿಸಿಲ್ಲ ನಾವು. ಹೋಗು."

ಸೋರ್ಕಾ ಮನೆಗೆ ಬಂದಳು. ಆದರೆ ಅಜ್ಜನ ಮನೆಗೆ ಹೋಗಲಿಲ್ಲ. ಹರ್ಲಿಂಗ್ ಆಟದ ಕೋಲು ತೆಗೆದುಕೊಂಡು ಮನೆಯ ಪಕ್ಕದ ಗೋಡೆಗೆ ಚೆಂಡು ಹೊಡೆಯತೊಡಗಿದಳು. ಚೆಂಡು ನೆಲಕ್ಕೆ ಬೀಳದಂತೆ ನೂರು ಸಲ ಹೊಡೆಯುವುದು ಅವಳ ಗುರಿ. ಅರವತ್ತೊಂದಕ್ಕೆ ಬಂದಾಗ ಎನೆಕೊ ಹೊರಗೆ ಬಂದ.

"ನಾವು ಬಾರ್ಟ್ಲಿಯವರ ಮನೆಗೆ ಹೋಗುವುದಿಲ್ಲವೇ?"

"ಅರವತ್ತೆರಡು. ನೀನೇ ಹೋಗಿ ಕೇಳು. ಅರವತ್ಮೂರು. ನಿಂಗೆ ಇಂಗ್ಲಿಷ್ ಪ್ರಾಕ್ಟೀಸ್ ಆಗುತ್ತೆ."

ಎನೆಕೊ ತಲೆ ಬಾಚಿಕೊಂಡು ಹೋದ. ಇಪ್ಪತ್ತು ನಿಮಿಷಕ್ಕೆ ತಿರುಗಿ ಬಂದ. ಅಷ್ಟರಲ್ಲಿ ಚೆಂಡು ಎರಡು ಸಲ ಬಿದ್ದಿತ್ತು.

"ಅವರು ಬೇಡ ಎಂದರು," ಎಂದ ಎನೆಕೊ. "ತಾವು ತುಂಬಾ ಚೆನ್ನಾಗಿರುವುದಾಗಿ ಹೇಳಿದರು. ನಾನು ಧನ್ಯವಾದ ಎಂದೆ. ಆಮೇಲೆ ಅವರು ತಮ್ಮ ಬೆನ್ನುನೋವಿನ ಬಗ್ಗೆ ಹೇಳಿದರು. ಆಮೇಲೆ ಭಾನುವಾರ ಬರಲಿರುವ ಮಳೆಯ ಬಗ್ಗೆ. ನಾನು ಗೇಟಿನವರೆಗೆ ಬಂದರೂ ಅವರು ಹಿಂದೆಯೇ ಬಂದು ಮಾತಾಡುತ್ತಿದ್ದರು. ತುಂಬಾ ಸ್ನೇಹಜೀವಿ."

ಸೋರ್ಕಾಳ ಕೈಯಲ್ಲಿದ್ದ ಕೋಲು ಅಲ್ಲೇ ನಿಂತಿತು.

ಕ್ಯಾರಬಾನ್‌ನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಮೊದಲ ಬೇಡ ಮರ್ಯಾದೆಗೆ. ಎರಡನೇ ಬೇಡ ಕೇಳಿದವರ ಮನಸ್ಸು ನೋಡುವುದಕ್ಕೆ. ಮೂರನೇ ಸಲ ಕೇಳಿದ ಮೇಲೂ ಬೇಡ ಅಂದರೆ ಮಾತ್ರ ಬೇಡ. ಟೀ ಕೊಟ್ಟರೂ ಅಷ್ಟೇ, ಟರ್ಫಿಗೂ ಅಷ್ಟೇ. ಎನೆಕೊಗೆ ಯಾರೂ ಹೇಳಿರಲಿಲ್ಲ. ಅದು ಕ್ಲಾಸಿನ ಪುಸ್ತಕದಲ್ಲಿ ಇರಲಿಲ್ಲ.

ಸೋರ್ಕಾ ಅಜ್ಜನ ಮನೆಯ ಕಡೆ ನೋಡಿದಳು. ಚಿಮಣಿಯಲ್ಲಿ ಹೊಗೆ ಇತ್ತು. ಐದು ನಿಮಿಷದ ದಾರಿ.

ಅವಳು ಚೆಂಡನ್ನೆತ್ತಿ ಮತ್ತೆ ಒಂದರಿಂದ ಎಣಿಸತೊಡಗಿದಳು.

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಎಲೆಕೋಸು, ಹಂದಿಮಾಂಸ. ಅಪ್ಪ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕೇಳಿದ. "ಏನಂದ ಬಾರ್ಟ್ಲಿ ಅಜ್ಜ?"

"ಬೇಡ ಅಂದ್ರು."

"ಮೂರು ಸಲ ಕೇಳಿದ್ಯಾ?"

"ಮೂರು ಸಲ."

ಎನೆಕೊ ತಟ್ಟೆಯಿಂದ ತಲೆಯೆತ್ತಿ ಅವಳನ್ನು ನೋಡಿದ. ಮತ್ತೆ ತಟ್ಟೆ ನೋಡಿದ.

"ವಿಚಿತ್ರ," ಎಂದ ಅಪ್ಪ. ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡ. "ಅವನ ತಂಗಿ ಮಗ ಬರ್ತಾನೋ ಏನೋ. ಸರಿ, ಹಂಗಾದ್ರೆ ಶನಿವಾರ ಅತ್ತೆ ಮನೆಗೆ ಹುಲ್ಲು ಕೊಯ್ಯೋಕೆ ಹೋಗ್ತೀನಿ. ನೀನು ನಿನ್ನ ಬಸ್ಸಿಗೆ ಹೋಗು."

"ಥ್ಯಾಂಕ್ಸ್ ಅಪ್ಪಾ," ಎಂದಳು ಸೋರ್ಕಾ. ಎಲೆಕೋಸನ್ನು ತಟ್ಟೆಯ ಅಂಚಿಗೆ ತಳ್ಳಿದಳು.

ಶನಿವಾರ ಬೆಳಗ್ಗೆ ಬಸ್ಸು ಜೌಗಿನ ಪಕ್ಕದ ರಸ್ತೆಯಲ್ಲೇ ಹೋಯಿತು. ಜೌಗು ಖಾಲಿಯಾಗಿತ್ತು. ಎಲ್ಲರ ಟರ್ಫೂ ಗುಪ್ಪೆಯಾಗಿ ನಿಂತಿತ್ತು, ಒಬ್ಬರದು ಬಿಟ್ಟು. ಅಲ್ಲಿ ಬಾರ್ಟ್ಲಿ ಅಜ್ಜ ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದ. ಕೂತಲ್ಲಿಂದಲೇ ಬಗ್ಗಿ ಒಂದು ಹೆಂಟೆ ನಿಲ್ಲಿಸಿದ. ಇನ್ನೊಂದು ನಿಲ್ಲಿಸಿದ. ಆಮೇಲೆ ಎದ್ದು, ಬಕೆಟ್ಟನ್ನು ಒಂದು ಮಾರು ಮುಂದಕ್ಕೆ ಇಟ್ಟು, ಮತ್ತೆ ಕೂತ. ತಂಗಿಯ ಮಗ ಎಲ್ಲೂ ಕಾಣಲಿಲ್ಲ.

ಎನೆಕೊ ಕಿಟಕಿಯಿಂದ ಕೈ ಬೀಸಿದ. ಸೋರ್ಕಾ ಬಗ್ಗಿ ಶೂ ಲೇಸ್ ಕಟ್ಟಿಕೊಂಡಳು. ಅವಳ ಶೂಗೆ ಲೇಸ್ ಇರಲಿಲ್ಲ.

ಮ್ಯೂಸಿಯಂನಲ್ಲಿ ಒಂದು ಹುಲ್ಲು ಮಾಡಿನ ಮನೆ. ಅದರ ಮುಂದೆ ಪ್ಲಾಸ್ಟರಿನ ಮುದುಕನೊಬ್ಬ ಪ್ಲಾಸ್ಟರಿನ ಟರ್ಫನ್ನು ಗುಪ್ಪೆ ಮಾಡುತ್ತಿದ್ದ. ಮುಟ್ಟಬಾರದು ಎಂದು ಬೋರ್ಡಿತ್ತು. ಮೇಲೆ ಇಡುವ ಹೆಂಟೆಯೇ ಇರಲಿಲ್ಲ. ಅದು ಕ್ರಿಸ್ಮಸ್ ಬಂದರೂ ಒಣಗುವುದಿಲ್ಲ ಎಂದುಕೊಂಡಳು ಸೋರ್ಕಾ.

ಅದನ್ನೆಲ್ಲ ತೋರಿಸಲು ಬಂದ ಅಕ್ಕ ಎಲ್ಲರಿಗೂ ಒಂದೊಂದು ವರ್ಕ್‌ಶೀಟ್ ಕೊಟ್ಟಳು. "ಹಿಂದಿನ ಕಾಲದಲ್ಲಿ ಜನ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡೀತಾ ಇದ್ರು ಮಕ್ಕಳೇ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಆದ್ರೆ ಯಾರೂ ಬಾಯಿಬಿಟ್ಟು ಸಹಾಯ ಕೇಳ್ತಿರಲಿಲ್ಲ. ಬೇರೆಯವರೇ ಬಂದು ಸಹಾಯ ಮಾಡ್ಲಾ ಅಂದ್ರೂ ಎರಡು ಸಲ ಬೇಡ ಅಂತಿದ್ರು. ಮೂರನೇ ಸಲಕ್ಕೆ ಟೀಗೆ ನೀರಿಡ್ತಿದ್ರು!"

ಎಲ್ಲರೂ ನಕ್ಕರು. ಎನೆಕೊ ನಗಲಿಲ್ಲ. ಪೆನ್ಸಿಲ್ ಹಿಡಿದು ಯೋಚಿಸುತ್ತಿದ್ದ.

"ಸೋರ್ಕಾ, ಬಾರ್ಟ್ಲಿಯವರು ಹೇಳಿದ ಬೇಡ ಎಷ್ಟನೆಯದು?"

"ಒಂದನೇದು."

"ಆದರೆ ನೀನು ನಿನ್ನ ತಂದೆಗೆ ಮೂರು ಎಂದೆ."

"ಹೂಂ."

"ನಾನು ಅದು ನನಗೆ ಬಾರದ ಇಂಗ್ಲಿಷ್ ಇರಬೇಕು ಎಂದುಕೊಂಡೆ," ಎಂದ ಎನೆಕೊ. ವರ್ಕ್‌ಶೀಟ್ ಕಡೆ ನೋಡಿದ. "ಇಲ್ಲಿ 'ಹಿಂದಿನ ಕಾಲದಲ್ಲಿ' ಎಂದು ಬರೆದಿದೆ. ಅದನ್ನು ಹೊಡೆದುಹಾಕಲೇ?"

"ಸುಮ್ನಿರೋ."

ಜಾರುಬಂಡೆ ಚೆನ್ನಾಗಿತ್ತು. ಅದರಲ್ಲಿ ಏನೂ ತಪ್ಪಿರಲಿಲ್ಲ. ಮೂರು ಮಹಡಿ ಎತ್ತರ ಅಂದಿದ್ದರು, ಮೂರು ಮಹಡಿ ಎತ್ತರವೇ ಇತ್ತು. ಎಷ್ಟು ಸಲ ಬೇಕಾದರೂ ಜಾರಬಹುದಿತ್ತು. ಸೋರ್ಕಾ ನಾಲ್ಕು ಸಲ ಜಾರಿದಳು. ಐದನೇ ಸಲ ಮೆಟ್ಟಿಲು ಹತ್ತಿ ಮೇಲೆ ನಿಂತಾಗ ದೂರದಲ್ಲಿ ಸಮುದ್ರದ ಮೇಲೆ ಮೋಡ ಕಾಣಿಸಿತು, ತೊಳೆಯದ ಕುರಿಯುಣ್ಣೆಯ ಬಣ್ಣದ್ದು. ಭಾನುವಾರದ ಮಳೆಗೆ ಶನಿವಾರವೇ ಅವಸರವಾಗಿತ್ತು. ಅವಳು ಮೆಟ್ಟಿಲಿಳಿದು ಬಂದು ಟವೆಲ್ ಸುತ್ತಿಕೊಂಡು ಕೂತಳು.

"ಏನಾಯಿತು?" ಎಂದ ಎನೆಕೊ.

"ಏನಿಲ್ಲ. ಗಂಟೆ ಎಷ್ಟು?"

ಐದೂವರೆಗೆ ಬಸ್ಸು ಊರ ಹತ್ತಿರ ಬಂದಾಗ ಅವಳು ಎದ್ದು ಡ್ರೈವರ್ ಮ್ಯಾಟಿಯ ಹತ್ತಿರ ಹೋದಳು.

"ಜೌಗಿನ ಹತ್ರ ನಿಲ್ಸಿ."

"ಅಲ್ಲಿ ಸ್ಟಾಪ್ ಇಲ್ವಲ್ಲಮ್ಮ."

"ಗೊತ್ತು."

ಮ್ಯಾಟಿ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಆಮೇಲೆ ಕಿಟಕಿಯ ಆಚೆ ಬಕೆಟ್ ಮೇಲೆ ಕೂತ ಮುದುಕನನ್ನು ನೋಡಿದ. ಬ್ರೇಕ್ ಹಾಕಿದ. ಸೋರ್ಕಾಳ ಹಿಂದೆಯೇ ಎನೆಕೊ ಕೂಡ ಇಳಿದ, ಕೈಯಲ್ಲಿ ಒದ್ದೆ ಟವೆಲ್ ಹಿಡಿದು.

ಬಾರ್ಟ್ಲಿ ಅಜ್ಜನದು ಒಟ್ಟು ಹದಿನೆಂಟು ಸಾಲು. ಎದ್ದು ನಿಂತಿದ್ದದ್ದು ನಾಲ್ಕು. ಅಜ್ಜನ ಟೋಪಿ ಬೆವರಿನಿಂದ ಕಪ್ಪಾಗಿತ್ತು.

"ಏನವ್ವ, ಬಸ್ಸು ಕೆಟ್ಟೋಯ್ತಾ?" ಎಂದ ಅಜ್ಜ.

"ಇಲ್ಲ. ಅಜ್ಜಾ, ಮಂಗಳವಾರ ನಾನು ಬರಬೇಕಿತ್ತು. ಇವನನ್ನ ಕಳಿಸ್ದೆ."

"ಬಂದಿದ್ದ. ಒಳ್ಳೇ ಹುಡುಗ. ಧನ್ಯವಾದ ಅಂದ."

"ಇವನು ಒಂದೇ ಸಲ ಕೇಳಿದ್ದು. ನಾನು ಅಪ್ಪನ ಹತ್ರ ಮೂರು ಸಲ ಅಂತ ಸುಳ್ಳು ಹೇಳ್ದೆ. ಬಸ್ಸಿಗೆ ಹೋಗೋಕೆ."

ಅಜ್ಜ ಕೈಯಲ್ಲಿದ್ದ ಹೆಂಟೆಯನ್ನು ತಿರುಗಿಸಿ ನೋಡಿದ. ಅದನ್ನು ಗುಪ್ಪೆಯ ಮೇಲೆ ಅಡ್ಡ ಇಟ್ಟ. ಸರಿಯಾಗಿ ಕೂತಿತಾ ಎಂದು ಒಂದು ಬೆರಳಿನಿಂದ ಒತ್ತಿದ. ನುಸಿ ಅವನ ಕಿವಿಯ ಸುತ್ತ ಹಾರುತ್ತಿತ್ತು. ಅವನು ಅದನ್ನು ಓಡಿಸಲಿಲ್ಲ.

"ಹಂಗಾದ್ರೆ ಇನ್ನೂ ಎರಡು ಸಲ ಕೇಳೋದು ಬಾಕಿ ಐತೆ," ಎಂದ.

ಸೋರ್ಕಾಗೆ ಅವನು ತಮಾಷೆ ಮಾಡುತ್ತಿದ್ದಾನೋ ಸಿಟ್ಟಾಗಿದ್ದಾನೋ ತಿಳಿಯಲಿಲ್ಲ. ಮುಖ ನೋಡಿದರೆ ಎರಡೂ ಇರಲಿಲ್ಲ.

"ಅಜ್ಜಾ, ನಾವು ಕೈ ಹಾಕ್ಲಾ?"

"ಬ್ಯಾಡ ಕಣವ್ವ. ನಾನು ಚೆನ್ನಾಗೇ ಇದ್ದೀನಿ. ಮನೇಗೋಗಿ ಊಟ ಮಾಡು."

"ಅಜ್ಜಾ, ಕೈ ಹಾಕ್ಲಾ?"

ಅಜ್ಜ ಆಕಾಶ ನೋಡಿದ. ಕುರಿಯುಣ್ಣೆ ಬಣ್ಣದ ಮೋಡ ಗುಡ್ಡದವರೆಗೂ ಬಂದಿತ್ತು.

"ಆ ತುದಿಯಿಂದ ಶುರುಮಾಡ್ಕೊಂಡು ಬಾ. ಏ ಹುಡುಗ, ಆ ಟವೆಲ್ ಕೆಳಗಿಡು, ಯಾರೂ ಕದಿಯಲ್ಲ."

ಮೂವರೂ ಕೆಲಸ ಮಾಡಿದರು. ಐದು ನಿಲ್ಲಿಸುವುದು, ಒಂದು ಮಲಗಿಸುವುದು. ಸೋರ್ಕಾಳ ಉಗುರಿನ ಸಂದಿಗೆಲ್ಲ ಕಪ್ಪು ಹೊಕ್ಕಿತು. ಎನೆಕೊನ ಗುಪ್ಪೆಗಳು ಸ್ವಲ್ಪ ವಾಲುತ್ತಿದ್ದವು, ಆದರೆ ಬೀಳುತ್ತಿರಲಿಲ್ಲ. ಅಜ್ಜ ಒಮ್ಮೆ ಅವನ ಪಕ್ಕ ನಿಂತು ನೋಡಿ, "ಇದು ಸ್ಪೇನಿನ ಕಡೆ ವಾಲೈತೆ," ಎಂದ. ಎನೆಕೊ ದಿಕ್ಕು ಲೆಕ್ಕ ಹಾಕಿ, ಹೌದು, ಅದು ಸರಿಯಾಗಿದೆ ಎಂದ.

ಅಲ್ಲಿನ ಬೇಸಿಗೆ, ರಾತ್ರಿ ಒಂಬತ್ತು ಗಂಟೆಗೂ ಇನ್ನೂ ಬೆಳಕಿತ್ತು. ಸೋರ್ಕಾ ತಿರುಗಿ ನೋಡಿದಳು. ಐದು ಸಾಲು ಹೊಸದಾಗಿ ಎದ್ದು ನಿಂತಿದ್ದವು. ಆರನೇ ಸಾಲಿಗೆ ಬಗ್ಗಿದಾಗ ಕತ್ತಿನ ಮೇಲೆ ಮೊದಲ ಹನಿ ಬಿತ್ತು. ಆಮೇಲೆ ಎಣಿಸಲಾಗದಷ್ಟು ಬಿದ್ದವು.

"ಸಾಕು," ಎಂದ ಅಜ್ಜ. "ಒದ್ದೆ ಹೆಂಟೆ ನಿಲ್ಲಿಸಿದ್ರೆ ಮುರಿಯುತ್ತೆ."

"ಇನ್ನೂ ಒಂಬತ್ತು ಸಾಲಿದೆ ಅಜ್ಜಾ."

"ಕಾಣಿಸ್ತಾ ಐತೆ."

ಅಜ್ಜ ಬಕೆಟ್ಟನ್ನು ನೆಟ್ಟಗೆ ಮಾಡಿ, ಫ್ಲಾಸ್ಕನ್ನು ಅದರೊಳಗೆ ಇಟ್ಟ. ಮೂವರೂ ಮಳೆಯಲ್ಲಿ ನಿಂತು ಆ ಒಂಬತ್ತು ಸಾಲನ್ನು ನೋಡಿದರು. ಅವು ಆಗಲೇ ಹೊಳೆಯತೊಡಗಿದ್ದವು. ಬೆಳಗ್ಗೆಯಿಂದ ಅಪ್ಪ, ಅಮ್ಮ, ತಾನು, ಎನೆಕೊ ಎಲ್ಲ ಇದ್ದಿದ್ದರೆ ಮಧ್ಯಾಹ್ನದ ಟೀ ಹೊತ್ತಿಗೆ ಮುಗಿಯುತ್ತಿತ್ತು. ಲೆಕ್ಕ ಕಷ್ಟದ್ದೇನಲ್ಲ.

"ಅಪ್ಪನ ಮುಯ್ಯಿ ತೀರ್ತಾ ಅಜ್ಜಾ?" ಎಂದಳು ಸಣ್ಣಗೆ.

"ಅದು ಹೆಂಗೆ ತೀರುತ್ತೆ? ನಿಮ್ಮಪ್ಪ ಪೊರಿಕ್ ಇಲ್ಲಿಗೆ ಬಂದೇ ಇಲ್ವಲ್ಲ." ಅಜ್ಜ ಮುಖದ ಮೇಲಿನ ನೀರು ಒರೆಸಿಕೊಂಡ. "ಒಂದು ವಾರ ಸುರಿಯುತ್ತೆ. ಆಮೇಲೆ ಮತ್ತೆ ಒಣಗಬೇಕು. ಆವಾಗ ಬರಲಿ."

ಅಷ್ಟರಲ್ಲಿ ರಸ್ತೆಯಲ್ಲಿ ಅಪ್ಪನ ವ್ಯಾನು ಕಾಣಿಸಿತು. ಅತ್ತೆ ಮನೆಯಿಂದ ಬರುತ್ತಿದ್ದ. ವ್ಯಾನು ಮೊದಲು ಮುಂದಕ್ಕೆ ಹೋಯಿತು. ನಿಂತಿತು. ಮೆಲ್ಲಗೆ ಹಿಂದಕ್ಕೆ ಬಂತು.

"ನಾನೂ ಬರಲೇ?" ಎಂದ ಎನೆಕೊ.

"ಬೇಡ," ಎಂದಳು ಸೋರ್ಕಾ.

ಇದು ಎಷ್ಟನೆಯ ಬೇಡ ಎಂದು ಎನೆಕೊ ಅವಳ ಮುಖ ನೋಡಿದ. ಆಮೇಲೆ ಅಜ್ಜನ ಬಕೆಟ್ಟನ್ನು ತಾನು ಹಿಡಿದುಕೊಂಡು ಅಲ್ಲೇ ನಿಂತ.

ಸೋರ್ಕಾ ಮಲಗಿದ ಸಾಲುಗಳ ನಡುವೆ ರಸ್ತೆಯ ಕಡೆ ನಡೆದಳು. ನೆಲ ಆಗಲೇ ಕಾಲ ಕೆಳಗೆ ಪಿಚಕ್ ಎನ್ನುತ್ತಿತ್ತು. ಅಪ್ಪ ವ್ಯಾನಿನ ಗಾಜು ಇಳಿಸಿದ. ಅವನು ಮೊದಲು ಅವಳನ್ನು ನೋಡಿದ, ಆಮೇಲೆ ಅಜ್ಜನನ್ನು, ಆಮೇಲೆ ಒದ್ದೆಯಾಗುತ್ತಿದ್ದ ಟರ್ಫನ್ನು. ಏನೋ ಕೇಳಲು ಬಾಯಿ ತೆರೆದ.

ಅವನು ಕೇಳುವ ಮುಂಚೆಯೇ ಸೋರ್ಕಾ ಹೇಳಲು ಶುರುಮಾಡಿದಳು.