ಗುನುಗಬಾರದ ತಟ್ಟೆ

"ಹಾಕು, ಕೇಳು, ಏನು ಬೇಕಾದ್ರೂ ಮಾಡ್ಕೋ. ಅದರ ಜೊತೆ ಗುನುಗಬೇಡ ಕಣೇ," ಎಂದಳು ಧ್ವನಿಸಂಗ್ರಹಾಲಯದ ಹಿರಿಯಕ್ಕ.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ನಕ್ಕಳು. "ಯಾಕಕ್ಕಾ, ತಟ್ಟೆಗೆ ಕೋಪ ಬರುತ್ತಾ?"

ಅಕ್ಕ ನಗಲಿಲ್ಲ. ಆಪೆರೆಟಾ ಎಂಬ ಹಳೆಯ ಪಾಶ್ಚಾತ್ಯ ಸಂಗೀತನಾಟಕದ ಹಾಡುಗಳನ್ನು ಬರೀ ವಾದ್ಯವೃಂದಕ್ಕೆ ಅಳವಡಿಸಿದ ಗ್ರಾಮಫೋನ್ ತಟ್ಟೆ ಅದು. ವರ್ಷಗಟ್ಟಲೆ ಅವನ್ನು ಹಾಡಿದವಳನ್ನು ಧ್ವನಿಮುದ್ರಣದ ದಿನ ಬಾಗಿಲಾಚೆಯೇ ನಿಲ್ಲಿಸಿದ್ದರಂತೆ. "ಮಾಟ ಮಾಡಿಸಿದ್ಲು. ನನ್ನ ಜಾಗ ತುಂಬಿದವರ ದನಿ ಆ ತಟ್ಟೇಲೇ ಉಳೀಲಿ ಅಂತ."

"ಕತೆ ಆಮೇಲೆ ಹೇಳಕ್ಕಾ. ಅಮ್ಮನ ಫೋನ್ ಬರೋ ಹೊತ್ತು. ನನ್ನ ದನಿ ಕೇಳದೆ ಅವಳು ತುತ್ತು ಎತ್ತಲ್ಲ."

ಕಣ್ಣು ಹೋದಂದಿನಿಂದ ಅಮ್ಮನಿಗೆ ಮಗಳ ದನಿಯೇ ಮಗಳ ಮುಖ.

ಕಿಟಕಿಯಿಲ್ಲದ ಧ್ವನಿಮುದ್ರಣ ಕೋಣೆ. ದಪ್ಪ ಬಾಗಿಲು ಮುಚ್ಚಿದೊಡನೆ ಬೀದಿಯ ಸದ್ದು ಸತ್ತಿತು. ತಟ್ಟೆಯ ಹೊದಿಕೆ ತೆರೆದರೆ ಬೂಷ್ಟಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಮುಳ್ಳು ಇಳಿಯಿತು. ಪಿಟೀಲುಗಳು ಎದ್ದವು, ಬಳುಕಿದವು, ನಡುವೆ ತಟಕ್ಕನೆ ತಗ್ಗಿದವು, ಯಾರಿಗೋ ದಾರಿ ಬಿಡುವಂತೆ.

ತಟ್ಟೆ ತಿರುಗುವ ವೇಗ ತುಸು ಹೆಚ್ಚಾಯಿತೇ? ಅನುಮಾನ ಬಂದಾಗಲೆಲ್ಲ ಗುನುಗಿ ಶ್ರುತಿ ನೋಡುವುದು ಅವಳ ಕೆಲಸದ ರೂಢಿ. ಯೋಚಿಸುವ ಮೊದಲೇ ಗುನುಗಿದ್ದಳು.

ಗಂಟಲು ತಣ್ಣಗಾಯಿತು. ನಿಲ್ಲಿಸಿದಳು.

ಗುನುಗು ನಿಲ್ಲಲಿಲ್ಲ.

ಸ್ಪೀಕರಿನಿಂದ ಬರುತ್ತಿತ್ತು. ಅವಳದೇ ದನಿ. ಈಗ ಬಾಯ್ತುಂಬ ಹಾಡುತ್ತಿತ್ತು. ಅಕ್ಕಾ ಎಂದು ಕೂಗಿದಳು. ಬರೀ ಗಾಳಿ. ಮತ್ತೆ ಕೂಗಿದಳು. ಗಾಳಿಯೂ ಕಡಿಮೆ. ಬಾಗಿಲಿಗೆ ಗುದ್ದಿದಳು.

ಒಳಬಂದ ಅಕ್ಕನ ಮುಖ ಬಿಳಿಚಿತು. "ಗುನುಗಿದ್ಯಾ? ಅಯ್ಯೋ, ಮುರಿದುಹಾಕು ಅದನ್ನ! ತಿರುಗಿದಷ್ಟೂ ನಿನ್ನ ಉಸಿರು ಎಳ್ಕೊಳ್ಳುತ್ತೆ."

ಹುಡುಗಿ ಗಂಟಲು ಮುಟ್ಟಿ ತೋರಿಸಿದಳು. ದನಿ?

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಅದು ತಟ್ಟೆ ಜೊತೇಲೇ ಹೋಗುತ್ತೆ. ಜೀವ ಉಳಿಸ್ಕೋ, ಮಗಳೇ."

ತಟ್ಟೆಯ ಅಂಚಿಗೆ ಹುಡುಗಿಯ ಬೆರಳು ತಗುಲಿತ್ತು. ಅಷ್ಟರಲ್ಲಿ ಫೋನು ನಡುಗಿತು. ಕೈ ತಾನಾಗಿ ಕರೆ ಸ್ವೀಕರಿಸಿತು.

"ಪುಟ್ಟೀ? ಯಾಕೆ ಮಾತಾಡ್ತಿಲ್ಲ? ಯಾರದು? ನನ್ನ ಮಗಳೆಲ್ಲಿ?" ಅಮ್ಮನ ದನಿ ಒಡೆಯುತ್ತಿತ್ತು. ಆಮೇಲೆ ಒಮ್ಮೆಲೇ ಹಗುರಾಯಿತು. "ಅಯ್ಯೋ ಕಳ್ಳಿ, ಹಾಡ್ತಿದ್ದೀಯಾ! ಹಾಡು, ಹಾಡು. ಕೇಳ್ತಾ ಉಣ್ತೀನಿ."

ಅಕ್ಕನ ಕೈ ತಟ್ಟೆಯತ್ತ ಚಾಚಿತು. ಹುಡುಗಿ ಅದನ್ನು ಹಿಡಿದು ತಳ್ಳಿದಳು. ಉಸಿರು ಸಾಲುತ್ತಿರಲಿಲ್ಲ. ಹಾಡು ಮುಗಿಯುತ್ತ ಬಂದಿತ್ತು.

ಫೋನನ್ನು ಸ್ಪೀಕರಿನ ಪಕ್ಕಕ್ಕಿಟ್ಟಳು. ಮುಳ್ಳನ್ನು ಎತ್ತಿ, ಮತ್ತೆ ಮೊದಲ ಗೆರೆಯ ಮೇಲಿಟ್ಟಳು.